ಶುಶ್ರೂಷೆ ಎಂದರೆ ಕೇಳುವ ಬಯಕೆ

ನಾವು ದಿನವೂ ಆಡುವ ಮಾತುಗಳಲ್ಲಿ ಕೆಲವು, ಬಹುಕಾಲ ಕೈಯಿಂದ ಕೈಗೆ ದಾಟಿದ ನಾಣ್ಯಗಳಂತೆ, ಮುದ್ರೆ ಸವೆದು ನುಣುಪಾಗಿರುತ್ತವೆ. ಅವುಗಳ ಬೆಲೆ ಎಲ್ಲರಿಗೂ ಗೊತ್ತು. ಮೇಲೆ ಏನು ಅಚ್ಚಾಗಿತ್ತೆಂಬುದು ಯಾರಿಗೂ ಕಾಣದು. 'ಶುಶ್ರೂಷೆ' ಅಂಥದೊಂದು ಮಾತು. ರೋಗಿಯ ಶುಶ್ರೂಷೆ, ಗುರುಶುಶ್ರೂಷೆ, ವೃದ್ಧ ಮಾತಾಪಿತೃಗಳ ಶುಶ್ರೂಷೆ ಎಂದೆಲ್ಲ ಹೇಳುತ್ತೇವೆ. ಸೇವೆ, ಆರೈಕೆ, ಉಪಚಾರ ಎಂಬ ಅರ್ಥಗಳು ಅದಕ್ಕೆ ರೂಢವಾಗಿವೆ. ಹಿಂದೆ ದಾದಿ ಎಂದೂ ನರ್ಸಮ್ಮ ಎಂದೂ ಕರೆಸಿಕೊಳ್ಳುತ್ತಿದ್ದವರು ಈಗ ಸರ್ಕಾರದ ಕಾಗದಪತ್ರಗಳಲ್ಲಿ 'ಶುಶ್ರೂಷಾಧಿಕಾರಿ'ಗಳಾಗಿದ್ದಾರೆ.

ತರಗತಿಯಲ್ಲಿ ತತ್ಸಮಗಳ ಪಾಠ ಬಂದಾಗ ಈ ಮಾತನ್ನು ಬಿಡಿಸಿ ತೋರಿಸುವುದು ನನ್ನ ವಾಡಿಕೆ. ಸಂಸ್ಕೃತದಲ್ಲಿ 'ಶ್ರು' ಎಂದರೆ ಕೇಳು. ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸಿ ಇಚ್ಛಾರ್ಥದ ಪ್ರತ್ಯಯ ಹಚ್ಚಿದರೆ ಆ ಕ್ರಿಯೆಯ ಬಯಕೆಗೆ ಹೆಸರು ಹುಟ್ಟುತ್ತದೆ. ಕುಡಿಯಬೇಕೆಂಬ ಬಯಕೆ ಪಿಪಾಸೆ. ತಿಳಿಯಬೇಕೆಂಬ ಬಯಕೆ ಜಿಜ್ಞಾಸೆ. ಹಾಗೆಯೇ, ಕೇಳಬೇಕೆಂಬ ಬಯಕೆ ಶುಶ್ರೂಷೆ. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ಹಂಬಲವನ್ನು ಹೇಳುತ್ತಿದ್ದ ಪದ ಅವನ ವಿಧೇಯತೆಗೆ ಹೆಸರಾಯಿತು, ಅಲ್ಲಿಂದ ಸೇವೆಗೆ, ಸೇವೆಯಿಂದ ರೋಗಿಯ ಉಪಚಾರಕ್ಕೆ ಹರಿದು ಬಂತು. ವಿದ್ಯಾರ್ಥಿಗಳು ಇದನ್ನು ಕೇಳಿ, ವ್ಯಾಕರಣದ ಒಂದು ಸ್ವಾರಸ್ಯವೆಂದು ಬರೆದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಅದಕ್ಕಿಂತ ಹೆಚ್ಚಾಗಿ ಅದನ್ನು ಭಾವಿಸಿರಲಿಲ್ಲ. ಈ ಪದ ತನ್ನ ಮೂಲಾರ್ಥವನ್ನು ಇಂದಿಗೂ ಬಿಟ್ಟುಕೊಡದೆ ಉಳಿಸಿಕೊಂಡಿರುವ ಸ್ಥಳವೊಂದುಂಟು, ಅದು ಮಾನಸಿಕ ರೋಗಿಗಳ ವಾರ್ಡು, ಎಂಬುದು ನನಗೆ ಆಮೇಲೆ ತಿಳಿಯಿತು.

ಇತರ ವಾರ್ಡುಗಳಲ್ಲಿ ರೋಗಕ್ಕೆ ಕಣ್ಣಿಗೆ ಕಾಣುವ ಗುರುತುಗಳಿವೆ. ಜ್ವರವನ್ನು ಪಾದರಸ ಹೇಳುತ್ತದೆ, ಗಾಯವನ್ನು ಪಟ್ಟಿಯ ಮೇಲಿನ ಕಲೆ ಹೇಳುತ್ತದೆ. ಮನಸ್ಸಿನ ಕಾಯಿಲೆಯೋ ಬಹುಮಟ್ಟಿಗೆ ಮಾತಿನಲ್ಲಿಯೇ ತಲೆದೋರುತ್ತದೆ. ಉನ್ಮಾದದಲ್ಲಿ ಮಾತು ಹೊಳೆಯಾಗುತ್ತದೆ, ಖಿನ್ನತೆಯಲ್ಲಿ ಬತ್ತುತ್ತದೆ, ಸ್ಕಿಜೋಫ್ರೀನಿಯಾದಲ್ಲಿ ಕೊಂಡಿ ಕಳಚಿ ಚದರುತ್ತದೆ, ಇಲ್ಲವೆ ಇತರರಿಗೆ ಕೇಳಿಸದ ದನಿಗಳಿಗೆ ಉತ್ತರವಾಗುತ್ತದೆ. ವೈದ್ಯರು ದಿನಕ್ಕೊಮ್ಮೆ ಬಂದು ನೋಡಿ ಔಷಧವನ್ನು ಗೊತ್ತುಮಾಡಿ ಹೋಗುತ್ತಾರೆ. ಉಳಿದ ಗಳಿಗೆಗಳಲ್ಲೆಲ್ಲ, ಮಧ್ಯರಾತ್ರಿಯಲ್ಲಿಯೂ ಬೆಳಗಿನ ಜಾವದಲ್ಲಿಯೂ, ಆ ಮಾತಿಗೆ ಕಿವಿಯಾಗಿ ಇರುವವರು ಶುಶ್ರೂಷೆಯವರು.

ಈ ಕಸುಬಿನ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮ ಗಮನಕ್ಕೆ ಅರ್ಹವಾದ ಸಂಗತಿಯೊಂದಿದೆ. ಪ್ಯಾರಿಸ್ಸಿನಲ್ಲಿ ಹುಚ್ಚರ ಸಂಕೋಲೆಗಳನ್ನು ಕಳಚಿದ ಮಹಾನುಭಾವ ವೈದ್ಯ ಫಿಲಿಪ್ ಪಿನೆಲ್ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದೇವೆ, ಚಿತ್ರಗಳನ್ನೂ ಬರೆದಿದ್ದಾರೆ. ಪಿನೆಲ್ ದೊಡ್ಡವನೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಸಂಕೋಲೆಗಳನ್ನು ತೆಗೆಸಿದವನು ಅವನಲ್ಲ. ಅವನು ಅದಕ್ಕೆ ಮೊದಲೇ ಅಲ್ಲಿಂದ ಬೇರೊಂದು ಆಸ್ಪತ್ರೆಗೆ ಹೋಗಿದ್ದ. ತೆಗೆಸಿದವನು ಝಾನ್ ಬಾಪ್ತಿಸ್ತ್ ಪ್ಯುಸೆನ್ ಎಂಬ ಮೇಲ್ವಿಚಾರಕ. ಅವನು ವೈದ್ಯನಲ್ಲ, ಚರ್ಮ ಹದಮಾಡುವ ಕಸುಬಿನವನು. ಗಂಡಮಾಲೆಯ ರೋಗಿಯಾಗಿ ಅದೇ ಆಸ್ಪತ್ರೆಗೆ ಬಂದು, ಗುಣ ಹೊಂದಿ, ಅಲ್ಲಿಯೇ ಕೆಲಸಕ್ಕೆ ನಿಂತವನು. ಹೆಂಡತಿ ಮಾರ್ಗರಿತ್ ಅವನ ಜೊತೆಗಾರ್ತಿ. ರೋಗಿಗಳ ಮೇಲೆ ಕೈಮಾಡಕೂಡದೆಂದು ಆಳುಗಳಿಗೆ ಕಟ್ಟಪ್ಪಣೆ ಮಾಡಿದ್ದ ಪ್ಯುಸೆನ್, ಕಾಯಿಲೆಯಿಂದ ಚೇತರಿಸಿಕೊಂಡವರನ್ನೇ ಆರಿಸಿ ಪರಿಚಾರಕರನ್ನಾಗಿ ಇಟ್ಟುಕೊಳ್ಳುತ್ತಿದ್ದ. ಹಗಲೂ ರಾತ್ರಿ ರೋಗಿಗಳ ನಡುವೆ ಇರುತ್ತಿದ್ದ ಈ ಮನುಷ್ಯನಿಂದ ತಾನು ಕಲಿತದ್ದು ಬಹಳವೆಂದು ಪಿನೆಲ್‌ನೇ ಬರೆದಿಟ್ಟಿದ್ದಾನೆ. ಸಂಕೋಲೆ ಕಳಚಿದ ಕೈ ಶುಶ್ರೂಷೆಯ ಕೈ ಎಂಬುದನ್ನು ನಾವು ಮರೆಯಬಾರದು.

ನಮ್ಮ ನಾಡಿನ ಕಥೆಯೂ ಹಳೆಯದೇ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರಿಗಾಗಿ ಆಶ್ರಯಸ್ಥಾನಗಳು ತೆರೆದವು. ಆಶ್ರಯವೆಂಬುದು ಹೆಸರಿಗೆ, ಕಾವಲೇ ಅಲ್ಲಿನ ಮುಖ್ಯ ಕೆಲಸ. ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. 1954ರಲ್ಲಿ ಅದರ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಪ್ರಾರಂಭವಾಯಿತು. ಮನೋರೋಗಿಗಳ ಶುಶ್ರೂಷೆಯನ್ನು ಒಂದು ಪ್ರತ್ಯೇಕ ವಿದ್ಯೆಯೆಂದು ದಾದಿಯರಿಗೆ ಕಲಿಸುವ ವ್ಯವಸ್ಥೆ ಅದೇ ದಶಕದಲ್ಲಿ ಅಲ್ಲಿ ಮೊದಲಾಯಿತು. ಆ ಸಂಸ್ಥೆಯೂ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ 'ಹುಚ್ಚಾಸ್ಪತ್ರೆ' ಎಂಬ ಮಾತು ಇನ್ನೂ ಹೋಗಿಲ್ಲ.

1952ನೆಯ ಇಸವಿ ಈ ಚರಿತ್ರೆಯಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ದಶಕಗಟ್ಟಲೆ ಕೂಗಾಟ ತುಂಬಿದ್ದ ವಾರ್ಡುಗಳು ಅದರಿಂದ ಶಾಂತವಾದವು. ಅದೇ ವರ್ಷ ಅಮೆರಿಕದಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ದಾದಿ ಒಂದು ಪುಸ್ತಕ ಪ್ರಕಟಿಸಿ, ಶುಶ್ರೂಷೆಯ ತಿರುಳು ದಾದಿಗೂ ರೋಗಿಗೂ ನಡುವೆ ಬೆಳೆಯುವ ಸಂಬಂಧದಲ್ಲಿದೆ ಎಂದು ವಾದಿಸಿದಳು. ಔಷಧ ರೋಗಿಯನ್ನು ಮಾತಿಗೆ ಸಿಗುವಂತೆ ಮಾಡಿತು. ಸಿಕ್ಕವನೊಡನೆ ಮಾತಾಡುವುದು ಹೇಗೆಂಬುದನ್ನು ಪೆಪ್ಲೌ ವಿದ್ಯೆಯಾಗಿ ರೂಪಿಸಿದಳು. ಒಂದಿಲ್ಲದೆ ಇನ್ನೊಂದು ಪೂರ್ಣವಲ್ಲ.

ಇಷ್ಟನ್ನೂ ನಾನು ಪುಸ್ತಕದಿಂದಲೇ ತಿಳಿದಿದ್ದರೆ ಈ ಲೇಖನ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನ ಮಗ, ಇಪ್ಪತ್ತಾರರ ಹರೆಯದವನು, ಬೈಪೋಲಾರ್ ಎಂದು ವೈದ್ಯರು ಕರೆಯುವ ಕಾಯಿಲೆಗೆ ತುತ್ತಾದ. ಐದು ರಾತ್ರಿ ನಿದ್ದೆ ಮಾಡದೆ, ಊರಿಗೆಲ್ಲ ಊಟ ಹಾಕಿಸುವೆನೆಂದು ಸಾಲ ಎತ್ತಿ, ತಡೆದವರ ಮೇಲೆ ಹರಿಹಾಯ್ದ. ಮೊದಲು ಸೇರಿಸಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವನನ್ನು ಎರಡು ರಾತ್ರಿ ಮಂಚಕ್ಕೆ ಕಟ್ಟಿದ್ದರು. ಕೇಳಿದಾಗ ಬಂದ ಉತ್ತರ ಇಷ್ಟೆ: "ರಾತ್ರಿ ಪಾಳಿಗೆ ಜನ ಇಲ್ಲ ಸಾರ್." ಅಲ್ಲಿಂದ ಬಿಡಿಸಿಕೊಂಡು ಬೆಂಗಳೂರಿನ ಇನ್ನೊಂದು ಆಸ್ಪತ್ರೆಗೆ ಕರೆತಂದೆವು. ರೋಗಿಯ ಜೊತೆಗೆ ಮನೆಯವರೊಬ್ಬರು ಇರಬೇಕೆಂಬುದು ಅಲ್ಲಿನ ನಿಯಮ. ಬೇಸಿಗೆ ರಜವಾದ್ದರಿಂದ ಆ ಪಾಲು ನನ್ನದಾಯಿತು. ಮೂರು ವಾರಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದು ಕಂಡದ್ದನ್ನೂ, ಅಲ್ಲಿಯವರನ್ನು ಕೇಳಿ ತಿಳಿದದ್ದನ್ನೂ ಇಲ್ಲಿ ಹೇಳುತ್ತಿದ್ದೇನೆ.

ಉನ್ಮಾದದ ರೋಗಿಗೆ ಕುಳಿತು ಉಣ್ಣುವ ವ್ಯವಧಾನವಿಲ್ಲ. ಉಣ್ಣದೆ, ಮಲಗದೆ ದೇಹ ಸವೆದುಹೋಗುವುದೇ ಅಲ್ಲಿ ಮೊದಲ ಅಪಾಯ. "ಕೂತು ಊಟ ಮಾಡು" ಎಂದು ನಾನು ಗದರಿಸಿದ್ದು ವ್ಯರ್ಥವಾಯಿತು. ಪಾಳಿಯ ಸಿಸ್ಟರು ಬಂದು ಚಪಾತಿಗೆ ಪಲ್ಯ ಸುತ್ತಿ ಅವನ ಕೈಗೆ ಕೊಟ್ಟರು. ಅವನು ಓಡಾಡುತ್ತಲೇ ತಿಂದ. ಬಾಳೆಹಣ್ಣು, ಇಡ್ಲಿ, ಒಂದು ಲೋಟ ಹಾಲು, ಹೀಗೆ ನಡೆಯುತ್ತ ತಿನ್ನಬಹುದಾದುದನ್ನು ಮತ್ತೆ ಮತ್ತೆ ಕೊಡುವುದು ಅಲ್ಲಿನ ಕ್ರಮ. ಅವನ ಮಾತಿಗೆ ಎದುರು ವಾದವಿಲ್ಲ, ನಗುವೂ ಇಲ್ಲ. ಚಿಕ್ಕ ವಾಕ್ಯ, ತಗ್ಗಿದ ದನಿ, ಒಂದು ಸಲಕ್ಕೆ ಒಂದೇ ಸೂಚನೆ. ಗದ್ದಲದ ಕೋಣೆಯಿಂದ ಮೆಲ್ಲನೆ ಬೇರೆಡೆಗೆ ಕರೆದೊಯ್ಯುವುದು. ಒಬ್ಬ ಸಿಸ್ಟರು ಹೇಳಿದ ನಿಯಮವನ್ನು ಮುಂದಿನ ಪಾಳಿಯವರೂ ಅದೇ ಮಾತಿನಲ್ಲಿ ಹೇಳುವುದು. ಏಕೆಂದರೆ ಉನ್ಮಾದದಲ್ಲಿರುವವನು ಇಬ್ಬರ ಮಾತಿನ ನಡುವಿನ ಸಂದನ್ನು ಬಹು ಚುರುಕಾಗಿ ಕಂಡುಹಿಡಿಯುತ್ತಾನೆ.

ಖಿನ್ನತೆಯ ಶುಶ್ರೂಷೆ ಇದಕ್ಕೆ ವಿರುದ್ಧವಾದ ಕಲೆ. ಪಕ್ಕದ ಮಂಚದಲ್ಲಿ ಕಲಬುರಗಿಯ ಕಡೆಯ ಹಿರಿಯರೊಬ್ಬರಿದ್ದರು. ದಿನಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಅವರು ಪ್ರಶ್ನೆಗೆ ಉತ್ತರವಾಗಿ ಒಂದು ಮಾತು ಆಡಲು ನಿಮಿಷ ತೆಗೆದುಕೊಳ್ಳುತ್ತಿದ್ದರು. ಪ್ರಾಯದ ಬ್ರದರೊಬ್ಬರು ಹೊತ್ತುಹೊತ್ತಿಗೆ ಬಂದು, "ಅಪ್ಪಾರ, ಹತ್ತು ನಿಮಿಷ ನಿಮ್ಮ ಹತ್ರ ಕೂಡ್ತೀನ್ರಿ, ಮಾತಾಡಲೇಬೇಕು ಅಂತೇನಿಲ್ಲ" ಎಂದು ಹೇಳಿ, ಹೇಳಿದಂತೆಯೇ ಹತ್ತು ನಿಮಿಷ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಹೊರಗಿನವನಿಗೆ ಅದು ಕೆಲಸವೆಂದೇ ತೋರದು. ಆದರೆ ತಾನು ಯಾರಿಗೂ ಬೇಡವಾದವನೆಂದು ನಿಶ್ಚಯಿಸಿಕೊಂಡಿರುವ ಮನುಷ್ಯನ ಬಳಿ, ಏನನ್ನೂ ಕೇಳದೆ, ಹೇಳಿದ ಹೊತ್ತಿಗೆ ಬಂದು ಕುಳಿತುಕೊಳ್ಳುವುದೇ ಒಂದು ಉತ್ತರ. ಅವರಿಗೆ "ನಗುನಗುತ್ತಾ ಇರಿ, ನಿಮಗೇನು ಕಡಿಮೆ" ಎಂದು ಧೈರ್ಯ ಹೇಳಬಾರದೆಂಬುದನ್ನೂ ಅಲ್ಲಿಯೇ ತಿಳಿದೆ; ಅದು ಅವರ ಅಪರಾಧಭಾವದ ಹೊರೆಗೆ ಇನ್ನೊಂದು ಕಲ್ಲನ್ನು ಹೇರಿದಂತೆ.

ಐದನೆಯ ದಿನವೋ ಆರನೆಯ ದಿನವೋ ಆ ಹಿರಿಯರು ತಾವಾಗಿಯೇ, "ಜೀವಕ್ಕ ಭಾಳ ಬ್ಯಾಸರ ಆಗ್ಯದ ತಮ್ಮಾ" ಎಂದರು. ನಮ್ಮ ಹಳೆ ಮೈಸೂರಿನ ಕಿವಿಗೆ 'ಬೇಸರ' ಅಥವಾ 'ಬೇಜಾರು' ಎಂದರೆ ಹೊತ್ತು ಹೋಗದಿರುವುದೂ ಆಗಬಹುದು, ಯಾರ ಮೇಲೋ ಮುನಿಸೂ ಆಗಬಹುದು. ಬ್ರದರು ಬೀದರಿನವರು, ಅವರು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಸಾಯಬೇಕು ಅಂತ ಅನಸ್ತದೇನ್ರಿ?" ಎಂದು ನೇರವಾಗಿ ಕೇಳಿದರು. ನಾನು ಬೆಚ್ಚಿದೆ. ಹಿರಿಯರು ಅತ್ತರು, ಹೌದೆಂದರು, ಬಹಳ ಹೊತ್ತು ಮಾತಾಡಿದರು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲವೆಂದೂ, ಇದ್ದ ಯೋಚನೆಯನ್ನು ಒಬ್ಬನೇ ಹೊರುವುದು ತಪ್ಪುತ್ತದೆಯೆಂದೂ ಬ್ರದರು ಆಮೇಲೆ ನನಗೆ ವಿವರಿಸಿದರು. ಅಂದಿನಿಂದ ಅವರ ಮಂಚ ಸಿಸ್ಟರುಗಳ ಮೇಜಿನ ಸಮೀಪಕ್ಕೆ ಬಂತು. ಹಗಲಿರುಳು ಒಬ್ಬರ ಕಣ್ಣು ಅವರ ಮೇಲಿತ್ತು. ಔಷಧ ಹಿಡಿದು ಸ್ವಲ್ಪ ಚೇತರಿಕೆ ಕಂಡಾಗ ಮನೆಯವರು ನಿಟ್ಟುಸಿರು ಬಿಟ್ಟರು. ಸಿಸ್ಟರುಗಳು ಆ ವಾರವೇ ಎಚ್ಚರಿಕೆ ಹೆಚ್ಚಿಸಿದರು. ಮನಸ್ಸಿನ ಕತ್ತಲೆ ಕರಗುವ ಮೊದಲೇ ಮೈಗೆ ಕಸುವು ಮರಳಬಹುದು, ಆ ನಡುವಣ ದಿನಗಳೇ ಹೆಚ್ಚು ಅಪಾಯದವು ಎಂಬುದು ಈ ವಿದ್ಯೆ ಕಲಿತವರಿಗೆ ಗೊತ್ತು.

ಇನ್ನು, ಇಲ್ಲದ ದನಿ ಕೇಳಿಸುವವರ, ಇಲ್ಲದ ಸಂಚು ಕಾಣುವವರ ಮಾತು. ಅವರೊಡನೆ ನಾವು ಸಾಧಾರಣವಾಗಿ ಎರಡು ರೀತಿಯಲ್ಲಿ ವರ್ತಿಸುತ್ತೇವೆ. ಒಂದು, "ಅದೆಲ್ಲ ಸುಳ್ಳು" ಎಂದು ವಾದಕ್ಕಿಳಿಯುವುದು. ಇನ್ನೊಂದು, ಗದ್ದಲ ಬೇಡವೆಂದು "ಹೌದಪ್ಪ ಹೌದು" ಎಂದುಬಿಡುವುದು. ಮೊದಲನೆಯದು ಅವರನ್ನು ಒಂಟಿಯಾಗಿಸುತ್ತದೆ, ಎರಡನೆಯದು ಭ್ರಮೆಗೆ ಸಾಕ್ಷಿ ಹೇಳುತ್ತದೆ. ನುರಿತ ಸಿಸ್ಟರು ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯುತ್ತಾರೆ. ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಿದ್ದ ಹೆಂಗಸೊಬ್ಬಳಿಗೆ ಒಬ್ಬ ಹಿರಿಯ ಸಿಸ್ಟರು ಹೇಳಿದ ಮಾತು ನನಗೆ ನೆನಪಿದೆ: "ಆ ದನಿ ನನಗೆ ಕೇಳಿಸ್ತಾ ಇಲ್ಲಮ್ಮ. ನಿಮಗೆ ಕೇಳಿಸ್ತಾ ಇದೆ, ಅದರಿಂದ ಹೆದರಿಕೆ ಆಗ್ತಿದೆ, ಅದು ಗೊತ್ತಾಗುತ್ತೆ. ನಾನಿಲ್ಲೇ ಇರ್ತೀನಿ." ಮೂರು ವಾಕ್ಯ. ಮೊದಲನೆಯದರಲ್ಲಿ ಸತ್ಯ, ಎರಡನೆಯದರಲ್ಲಿ ಸಹಾನುಭೂತಿ, ಮೂರನೆಯದರಲ್ಲಿ ಅಭಯ. ಬಳಿಕ ಅವರು ಕೇಳಿದ ಪ್ರಶ್ನೆ, ಆ ದನಿ ಏನನ್ನಾದರೂ ಮಾಡೆಂದು ಅಪ್ಪಣೆ ಕೊಡುತ್ತಿದೆಯೇ ಎಂಬುದು. ಅಪ್ಪಣೆ ಕೊಡುವ ದನಿ ತನಗೋ ಇತರರಿಗೋ ಕೇಡಾಗುವಂತೆ ನಡೆಸಬಹುದಾದ್ದರಿಂದ ಅದನ್ನು ತಿಳಿಯುವುದು ಅತ್ಯಗತ್ಯ.

ಅನ್ನದಲ್ಲಿ ವಿಷವಿದೆಯೆಂದು ನಂಬಿ ಉಪವಾಸ ಕುಳಿತವರಿಗೆ ಸಿಪ್ಪೆ ಸುಲಿಯದ ಬಾಳೆಹಣ್ಣನ್ನೋ ಓಡು ಒಡೆಯದ ಬೇಯಿಸಿದ ಮೊಟ್ಟೆಯನ್ನೋ ಕೊಡುತ್ತಾರೆ. ಬೆರಸಲು ಸಾಧ್ಯವಿಲ್ಲವೆಂದು ಅವರಿಗೇ ಕಾಣುತ್ತದೆ. ಹಿಂದಿನಿಂದ ಬಂದು ಮುಟ್ಟುವುದಿಲ್ಲ. ಬಾಗಿಲಿಗೆ ಅಡ್ಡವಾಗಿ ನಿಲ್ಲುವುದಿಲ್ಲ. ಅವರ ಮುಂದೆ ಪಿಸುಗುಟ್ಟುವುದಿಲ್ಲ. ಭಾಷೆಯ ಮೇಷ್ಟರಾದ ನನಗೆ ಇನ್ನೊಂದು ಸಂಗತಿ ಬಹು ಸೋಜಿಗವೆನಿಸಿತು. ಅವರೊಡನೆ ಗಾದೆ, ಕೊಂಕು, ವ್ಯಂಗ್ಯಗಳನ್ನು ಆಡಬಾರದಂತೆ. ಸ್ಕಿಜೋಫ್ರೀನಿಯಾದಲ್ಲಿ ಕೆಲವರಿಗೆ ಲಕ್ಷ್ಯಾರ್ಥ ಕೈಗೆ ಸಿಗದೆ ವಾಚ್ಯಾರ್ಥವೊಂದೇ ಉಳಿಯುತ್ತದೆ. ಅದಕ್ಕಾಗಿಯೇ ವೈದ್ಯರು ಗಾದೆಯ ಅರ್ಥ ಹೇಳಿಸಿ ಪರೀಕ್ಷಿಸುವುದುಂಟು; 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಕ್ಕೆ ದುಡಿಮೆಯ ಅರ್ಥ ಹೊಳೆಯದೆ ಕೈಯ ಕೆಸರು, ಬಾಯಿಯ ಮೊಸರು ಮಾತ್ರ ಕಾಣಬಹುದು. ಅಂಥವರಿಗೆ "ನಿನ್ನ ತಲೆ ನೆಟ್ಟಗಿದೆಯೇ" ಎಂದರೆ ತಲೆಯನ್ನೇ ಮುಟ್ಟಿ ನೋಡಿಕೊಂಡಾರು. ನಾವು ಲಕ್ಷಣೆ, ವ್ಯಂಜನೆಗಳ ಮಹಿಮೆಯನ್ನು ಬೋಧಿಸುತ್ತೇವೆ. ಅಭಿಧೆಯೊಂದರಲ್ಲಿಯೇ ಪ್ರೀತಿಯನ್ನು ಹೇಳುವ ವಿದ್ಯೆಯನ್ನು ಈ ಸಿಸ್ಟರುಗಳಿಂದ ಕಲಿಯಬೇಕು.

ಕೇಳುವುದೆಂದರೆ ಕಿವಿಯಿಂದ ಮಾತ್ರವಲ್ಲ. ದೇಹ ಹೇಳುವುದನ್ನೂ ಅವರು ಕೇಳಬೇಕು. ಉನ್ಮಾದಕ್ಕೆ ಲಿಥಿಯಂ ಕೊಡುತ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದರ ಗುಣವನ್ನು ಪ್ರಕಟಪಡಿಸಿದ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಆದ್ದರಿಂದ ರಕ್ತಪರೀಕ್ಷೆ ತಪ್ಪುವಂತಿಲ್ಲ. ನೀರು, ಉಪ್ಪು ಕಡಿಮೆಯಾಗುವಂತಿಲ್ಲ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ, ತೊದಲು ಮಾತು ಇವು ಕಂಡರೆ ಮುಂದಿನ ಮಾತ್ರೆಯನ್ನು ತಡೆದು ವೈದ್ಯರಿಗೆ ತಿಳಿಸಬೇಕು. ಭ್ರಮೆಗೆ ಕೊಡುವ ಕೆಲವು ಸೂಜಿಮದ್ದುಗಳಿಂದ ಕುತ್ತಿಗೆ ಒಂದು ಕಡೆಗೆ ಸೆಟೆದು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದುಂಟು. ಮನೆಯವರು ದೆವ್ವ ಮೆಟ್ಟಿತೆಂದು ಚೀರುತ್ತಾರೆ, ಸಿಸ್ಟರು ಅದು ಮದ್ದಿನ ದೋಷವೆಂದು ಗುರುತಿಸುತ್ತಾರೆ, ಪ್ರತಿಮದ್ದಿನಿಂದ ಅದು ಬೇಗ ಇಳಿಯುತ್ತದೆ. ಮೈ ಮರಗಟ್ಟಿ ಜ್ವರ ಏರಿದರೆ ಅದು ಪ್ರಾಣಾಂತಿಕವಾದ ಬೇರೊಂದು ಸೂಚನೆ. ಕ್ಲೋಜಪೀನ್ ತೆಗೆದುಕೊಳ್ಳುವವರ ಬಿಳಿಯ ರಕ್ತಕಣಗಳನ್ನು ಆರಂಭದಲ್ಲಿ ವಾರವಾರವೂ ಎಣಿಸಬೇಕು. ಮಾತ್ರೆಯನ್ನು ನಾಲಗೆಯ ಕೆಳಗೆ ಅಡಗಿಸಿ ಉಗುಳುವವರಿದ್ದಾರೆ; ಅವರನ್ನು ಬೈಯದೆ, ಏಕೆ ಬೇಡವೆನಿಸಿತೆಂದು ಕೇಳಿದರೆ ಬಹಳ ಸಲ ಯಾವುದೋ ನಿಜವಾದ ತೊಂದರೆ ಹೊರಬೀಳುತ್ತದೆ.

ಸಿನಿಮಾಗಳು ಭಯಂಕರವಾಗಿ ತೋರಿಸುವ 'ಕರೆಂಟ್ ಕೊಡುವ' ಚಿಕಿತ್ಸೆಯೂ ಇಂದು ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿ ಮಾಡುವಂಥದು. ಅರಿವಳಿಕೆಯಿಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಎಚ್ಚರವಾದಾಗ ರೋಗಿಗೆ ತಾನೆಲ್ಲಿದ್ದೇನೆಂಬುದು ಕೆಲಕಾಲ ತಿಳಿಯದಿರಬಹುದು. ಆಗ ಮೊದಲು ಕಾಣಬೇಕಾದುದು ಪರಿಚಿತವಾದ ಒಂದು ಮುಖ, ಕೇಳಿಸಬೇಕಾದುದು ತನ್ನ ಹೆಸರು.

ಅದೇ ಕಾಯಿದೆ ಇನ್ನೊಂದು ಮಾತನ್ನೂ ಹೇಳಿದೆ. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸಕೂಡದು. ಒಂಟಿ ಕೋಣೆಯಲ್ಲಿ ಕೂಡಿಹಾಕಕೂಡದು. ಕೂಡಲೇ ಒದಗಬಹುದಾದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅವಶ್ಯವಿರುವಷ್ಟೇ ಹೊತ್ತು ಕೈಕಾಲುಗಳನ್ನು ತಡೆಹಿಡಿಯಬಹುದು. ಶಿಕ್ಷೆಗಾಗಿ ಅದನ್ನು ಮಾಡುವಂತಿಲ್ಲ. ಸಿಬ್ಬಂದಿ ಸಾಲದೆಂಬ ಕಾರಣಕ್ಕೂ ಮಾಡುವಂತಿಲ್ಲ. ಈ ಕೊನೆಯ ವಾಕ್ಯವನ್ನು ಓದಿದಾಗ, "ರಾತ್ರಿ ಪಾಳಿಗೆ ಜನ ಇಲ್ಲ" ಎಂಬ ಉತ್ತರವನ್ನು ಕಾಯಿದೆ ಬರೆದವರೂ ಎಲ್ಲೋ ಕೇಳಿದ್ದಿರಬೇಕೆಂದು ನನಗೆ ಅನಿಸಿತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಿಂದ ಬಿಗಿಯಲ್ಪಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸತ್ತರು. ಕಾಯಿದೆಯ ಹಿಂದೆ ಅಂಥ ಬೂದಿಯೂ ಇದೆ.

ಆದರೆ ಕಾಯಿದೆ ಸರಪಳಿಯನ್ನು ತೆಗೆಯಬಲ್ಲದು. ಸರಪಳಿಯಿದ್ದ ಜಾಗದಲ್ಲಿ ನಿಲ್ಲಬೇಕಾದವರು ಮನುಷ್ಯರು. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರಂತೆಯೂ ಮನೋರೋಗ ಶುಶ್ರೂಷೆಯವರಿಲ್ಲ. 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮನೋರೋಗಿಗಳಲ್ಲಿಯೂ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಮುಟ್ಟುತ್ತಿಲ್ಲ. ಇದ್ದ ಸಿಸ್ಟರುಗಳೂ ಬೈಗುಳ ತಿಂದು, ಒಮ್ಮೊಮ್ಮೆ ಪೆಟ್ಟು ತಿಂದು, ಮರುದಿನ ಅದೇ ಮಂಚದ ಬಳಿಗೆ ನಗುಮುಖದಿಂದ ಹೋಗಬೇಕು. ಅವರಿಗೆ ಮದುವೆಯ ಮಾತು ಬಂದಾಗ "ಯಾವ ಆಸ್ಪತ್ರೆ?" ಎಂದು ಕೇಳಿ ಮುಖ ಕಿವಿಚುವ ಬೀಗರೂ ಉಂಟೆಂದು ಒಬ್ಬರು ನಗುತ್ತಲೇ ಹೇಳಿದರು.

ಹಾಗಾದರೆ ಈ ವಿದ್ಯೆ ಆಸ್ಪತ್ರೆಯ ಕಾಂಪೌಂಡಿನೊಳಗೇ ಉಳಿಯಬೇಕೆ? ಇಲ್ಲವೆಂದು ನಮ್ಮ ಹಿರಿಯರು ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ನೋಡಿಕೊಳ್ಳುವ ಬಗೆಯನ್ನು ಮನೆಯವರು ಕಣ್ಣಾರೆ ಕಂಡು ಕಲಿತು ಹೋದರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಡೆದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಆರೈಕೆ ಕಲಿಸಲಾಯಿತು. 1996ರಿಂದ ದೇಶದ ಜಿಲ್ಲೆಗಳಿಗೆ ಹಬ್ಬಿದ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೆಗೆ ಮರಳಿದ ರೋಗಿಯನ್ನು ಸದಾ ಟೀಕಿಸುವ, ಇಲ್ಲವೆ ಕಣ್ಣರೆಪ್ಪೆಯಂತೆ ಅತಿಯಾಗಿ ಕಾಯುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮನೆಯ ಮಾತಿನ ಹದವೂ ಔಷಧದ ಒಂದು ಭಾಗವೆಂಬುದು ಇದರಿಂದ ಸ್ಪಷ್ಟ. ಬಿಡುಗಡೆಯ ದಿನ ಸಿಸ್ಟರು ನನ್ನ ಚಿಕ್ಕಮ್ಮನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು: ನಿದ್ದೆ ಎರಡು ರಾತ್ರಿ ತಪ್ಪಿದರೆ ಕಾಯಬೇಡಿ, ಕರೆದುಕೊಂಡು ಬನ್ನಿ, ಚೆನ್ನಾಗಿದ್ದಾನೆಂದು ಮಾತ್ರೆ ನಿಲ್ಲಿಸಬೇಡಿ, ಹಿಂದಿನ ಸಾಲದ ವಿಷಯ ಎತ್ತಿ ಚುಚ್ಚಬೇಡಿ. ಅವನು ಈಗ ಕೆಲಸದಲ್ಲಿದ್ದಾನೆ. ನಡುವೆ ಒಮ್ಮೆ ನಿದ್ದೆ ತಪ್ಪಿತು. ಚಿಕ್ಕಮ್ಮ ಮೂರನೆಯ ರಾತ್ರಿಯವರೆಗೆ ಕಾಯಲಿಲ್ಲ.

ಇಲ್ಲಿ ನಾನು ನನ್ನ ವೃತ್ತಿಯವರಿಗೂ ಒಂದು ಮಾತು ಹೇಳಬೇಕು. ನಮ್ಮ ನಾಡಿನಲ್ಲಿ ಶುಶ್ರೂಷೆಯ ಶಿಕ್ಷಣ ನಡೆಯುವುದು ಇಂಗ್ಲಿಷಿನಲ್ಲಿ. ಅದನ್ನು ಕಲಿತು ವಾರ್ಡಿಗೆ ಬರುವವರಲ್ಲಿ ನೆರೆಯ ಕೇರಳದವರು ಅನೇಕರು. ರೋಗಿ ಆಡುವುದೋ ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಕನ್ನಡ. ಪಠ್ಯಪುಸ್ತಕದ 'ಖಿನ್ನತೆ' ಎಂಬ ಪದವನ್ನು ಯಾವ ರೋಗಿಯೂ ಆಡುವುದಿಲ್ಲ. ಅವನು ಎದೆ ಭಾರವೆನ್ನುತ್ತಾನೆ, ಹೊಟ್ಟೆಯಲ್ಲಿ ಸಂಕಟವೆನ್ನುತ್ತಾನೆ, ತಲೆ ಜಡವೆನ್ನುತ್ತಾನೆ, ಜೀವಕ್ಕೆ ಬೇಸರವೆನ್ನುತ್ತಾನೆ. ಆ ಬ್ರದರು ಬೀದರಿನವರಾಗಿದ್ದುದು ಒಂದು ಸುಯೋಗ. ಸುಯೋಗವನ್ನು ನೆಚ್ಚಿ ಪ್ರಾಣವನ್ನು ಒಪ್ಪಿಸಲಾಗದು. ನಮ್ಮ ಕನ್ನಡ ವಿಭಾಗಗಳು ಗ್ರಂಥಗಳಲ್ಲಿಯ ಪದಗಳಿಗೆ ಕೋಶಗಳನ್ನು ರಚಿಸಿವೆ, ಉಪಭಾಷೆಗಳ ಧ್ವನಿವ್ಯತ್ಯಾಸಗಳನ್ನು ಗುರುತಿಸಿವೆ. ನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಜನರು ಮನಸ್ಸಿನ ನೋವನ್ನು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತಾರೆಂಬುದನ್ನು ಸಂಗ್ರಹಿಸಿ, ಪ್ರತಿ ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿಯ ಕೈಗೆ ಒಂದು ಸಣ್ಣ ಪುಸ್ತಕವಾಗಿ ಕೊಡುವುದು ನಮಗೆ ಅಸಾಧ್ಯವಾದ ಕೆಲಸವಲ್ಲ. ನಗೆಬರಹಕ್ಕೆ ಹೆಸರಾಗಿದ್ದ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ವೈದ್ಯರು ಕನ್ನಡದ ಬಳಿಗೆ ಬಂದಿದ್ದಾರೆ. ಕನ್ನಡದವರು ವಾರ್ಡಿನ ಬಳಿಗೆ ಹೋಗುವುದು ಉಳಿದಿದೆ.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಯಿಲೆ ಇದ್ದರೆ ಅದನ್ನು ಹಿತ್ತಲ ಕೋಣೆಯಲ್ಲಿ ಬಚ್ಚಿಡುವ ಕಾರಣವಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. 2022ರ ಅಕ್ಟೋಬರ್‌ನಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅದಕ್ಕೂ ಮೊದಲು ಮನೆಯವರೇ ಮಾಡಬಹುದಾದ ಕೆಲಸವೊಂದಿದೆ. ಬುದ್ಧಿ ಹೇಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ಮನುಷ್ಯ ಏನು ಹೇಳುತ್ತಿದ್ದಾನೆ ಎಂದು ಕೇಳುವುದು. ನಮ್ಮ ಹಿರಿಯರು ಸೇವೆಗೆ ಇಟ್ಟ ಹೆಸರಿನ ಮೂಲಾರ್ಥವೂ ಅದೇ.